ಕಡಲೆಹಿಟ್ಟು ಹಚ್ಚಿದ ಮೈ

ನಮ್ಮಮ್ಮ ಕೂಸಿಗೆ ನೀರು ಹಾಕುವುದನ್ನು ನಾನು ದಿಂಬು ಇಟ್ಟುಕೊಂಡು ಮಾಡಿ ತೋರಿಸಿದರೆ ಹೊಳೆನರಸೀಪುರದ ನಮ್ಮ ಬೀದಿಯ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ನೀಡಿ ಕೂರುವುದು, ಸೀರೆಯನ್ನು ಮಂಡಿಯವರೆಗೆ ಒತ್ತರಿಸುವುದು, ಕೂಸನ್ನು ಕಾಲ ಮೇಲೆ ಕವುಚಿ ಹಾಕಿ ಹಂಡೆಯ ನೀರನ್ನು ಚೊಂಬಿನಲ್ಲಿ ಹೊಯ್ಯುತ್ತ ಊರಿನವರ ಕೆಟ್ಟ ಕಣ್ಣನ್ನೆಲ್ಲ ಬೈಯುವುದು, ಎಲ್ಲವೂ ನನಗೆ ಬಾಯಿಪಾಠ. ಅಮ್ಮ ಅಡುಗೆಮನೆಯಿಂದಲೇ, "ಲೋ ಕೋತಿ, ನಿನಗೂ ಹಿಂಗೇ ಉಜ್ಜಿದ್ದೆ. ಬುದ್ಧಿ ಇರೋ ಕಡೆ ಉಜ್ಜೋದು ಒಂದು ಮರ್ತುಬಿಟ್ಟೆ" ಎನ್ನುತ್ತಿದ್ದಳು. ಆ ಮಾತನ್ನೂ ಅವಳದೇ ದನಿಯಲ್ಲಿ ತಿರುಗಿಸಿ ಹೇಳುತ್ತಿದ್ದೆ. ನನ್ನ ಪಾಲಿಗೆ ಬಂದ ವಿದ್ಯೆ ಅದೊಂದೇ. ನನ್ನ ಸ್ವಂತ ದನಿ ಹೇಗಿರುತ್ತದೆಂದು ಯಾರಿಗೂ ಗೊತ್ತಿಲ್ಲ, ಇದ್ದರೆ ಅದು ತೂಕಡಿಸುವ ಗುಮಾಸ್ತನದ್ದಿರಬೇಕು ಎಂದು ಅಕ್ಕ ಹೇಳುತ್ತಿದ್ದಳು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಅಕ್ಕನನ್ನು ಅರಕಲಗೂಡಿಗೆ ಕೊಟ್ಟಿದ್ದೆವು. ಭಾವ ಅಲ್ಲಿ ಹೈಸ್ಕೂಲು ಮೇಷ್ಟ್ರು. ಮನೆಯಲ್ಲಿ ಉಪ್ಪು ಕೇಳಿದರೂ ಬೋರ್ಡಿನ ಮುಂದೆ ನಿಂತವರ ಹಾಗೆ ಕೇಳುತ್ತಿದ್ದರು. ಮೊದಲ ಹೆರಿಗೆಗೆ ಅಕ್ಕ ತವರಿಗೆ ಬಂದಳು, ಹೆಣ್ಣು ಮಗುವಾಯಿತು. ನೀರು ಹಾಕುವುದು ಅಮ್ಮನ ಕೆಲಸ. ಬೀದಿಯ ಎಷ್ಟೋ ಕೂಸುಗಳನ್ನು ಎರೆದು ಗುಂಡಗೆ ಮಾಡಿದ ಕೈ ಅದು. ಸೋಪು ಎಂದರೆ ಅಮ್ಮನಿಗೆ ಬಟ್ಟೆಗೆ ಮಾತ್ರ. ಕೂಸಿಗೆ ಹರಳೆಣ್ಣೆ ಹಚ್ಚಿ ನೀವಿ, ಮೇಲೆ ಕಡಲೆಹಿಟ್ಟು ಉಜ್ಜಬೇಕು. ಕಡಲೆಬೇಳೆಯನ್ನು ತಾನೇ ಆರಿಸಿ, ಒಣಗಿಸಿ, ಚಿಟಿಕೆ ಕಸ್ತೂರಿ ಅರಿಶಿನ ಸೇರಿಸಿ, ಗಿರಣಿಯವನ ಎದುರು ನಿಂತು ಬೀಸಿಸುತ್ತಿದ್ದಳು.

ಆದರೆ ಈ ಕೂಸಿನ ಚರ್ಮ ಬೇರೆ ಥರ. ಕೆನ್ನೆ ಕೆಂಪಗೆ ಒರಟಾಗಿ, ಮೊಣಕೈ ಮಡಿಕೆಯಲ್ಲಿ, ಮಂಡಿ ಹಿಂದೆ ಬಿರಿದು ನೀರು ಒಸರುತ್ತಿತ್ತು. ನಮ್ಮ ಕಡೆ ಅದಕ್ಕೆ ಇಸುಬು ಎನ್ನುತ್ತಾರೆ. ಅಮ್ಮನ ಲೆಕ್ಕ ಸರಳ: ಚರ್ಮ ಒರಟಾಗಿದೆ, ಹಾಗಾದರೆ ಇನ್ನಷ್ಟು ಹಿಟ್ಟು ಉಜ್ಜಬೇಕು. ಕೆನೆ ಕಲಸಿ, ಬಿರಿದ ಕಡೆಗೇ ಒತ್ತಿ ಒತ್ತಿ ಹಚ್ಚುತ್ತಿದ್ದಳು. ಕೂಸು ಮನೆ ಹಾರಿಹೋಗುವ ಹಾಗೆ ಅಳುತ್ತಿತ್ತು. "ಅಳಲಿ ಬಿಡೆ, ಎದೆ ಗಟ್ಟಿಯಾಗುತ್ತೆ" ಎನ್ನುತ್ತಿದ್ದಳು.

ಮೈಗೆ ದಿನಾ ಹಚ್ಚುವ ಕಡಲೆಯನ್ನು ಬಾಯಿಗೆ ಮಾತ್ರ ತೋರಿಸುವಂತಿರಲಿಲ್ಲ. ಕಡಲೆ ವಾಯು. ಬಾಣಂತಿ ತಿನ್ನಬಾರದು, ತಿಂದರೆ ಹಾಲಿನಲ್ಲಿ ಹೋಗಿ ಕೂಸಿಗೆ ಹೊಟ್ಟೆನೋವು. ಕೂಸಿಗೂ ಹಲ್ಲು ಗಟ್ಟಿಯಾಗುವವರೆಗೆ ಕಡಲೆ, ಹುರಿಗಡಲೆ, ಯಾವುದೂ ಇಲ್ಲ. ರಾಗಿ ಸರಿ, ಮೆತ್ತಗಿನ ಅನ್ನ, ಹೆಸರುಬೇಳೆ ಕಟ್ಟು, ಅಷ್ಟೇ. ಇದು ಅಮ್ಮನೊಬ್ಬಳ ಕಾನೂನಲ್ಲ. ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೀಗೇ ಹೇಳುತ್ತಿದ್ದರು. ಅದರಲ್ಲಿ ತಪ್ಪೇನಿದೆ ಎಂದು ನನಗೂ ಅನ್ನಿಸಿರಲಿಲ್ಲ. ನಾನು ಕೂಸಿನ ಅಳುವನ್ನು ಕಲಿಯುವುದರಲ್ಲಿ ಮುಳುಗಿದ್ದೆ. ಹಸಿವಿನ ಅಳು, ನಿದ್ದೆಯ ಅಳು, ಕಡಲೆಹಿಟ್ಟಿನ ಅಳು. ಕೊನೆಯದು ಒಂದು ಶ್ರುತಿ ಮೇಲೆ.

ಮಗು ಓಡಾಡುವಂತಾದ ಮೇಲೆ ಅರಕಲಗೂಡಿನ ಮನೆಯಲ್ಲಿ ಒಂದು ಬೆಳಿಗ್ಗೆ ಭಾವ ತಮ್ಮ ತಟ್ಟೆಯ ಇಡ್ಲಿಯನ್ನು ಚಟ್ನಿಗೆ ಅದ್ದಿ ಅದರ ಬಾಯಿಗಿಟ್ಟರು. ಹುರಿಗಡಲೆ ಹಾಕಿ ರುಬ್ಬಿದ ಚಟ್ನಿ. ಕಾಫಿ ಕುಡಿದು ಮುಗಿಸುವುದರೊಳಗೆ ಮಗುವಿನ ತುಟಿ ಊದಿ, ಮೈಮೇಲೆ ದದ್ದು ಎದ್ದವು. ಪಿತ್ತದ ಗಂಧೆ ಎಂದು ಅಕ್ಕಪಕ್ಕದವರು ದೊಡ್ಡಪತ್ರೆ ರಸ ಹಚ್ಚಿ ಕಂಬಳಿಯಿಂದ ಉಜ್ಜಿದರು. ಇಳಿಯಿತು. ಅದು ತಾನಾಗಿ ಇಳಿಯಿತೋ ಕಂಬಳಿಗೆ ಹೆದರಿ ಇಳಿಯಿತೋ ದೇವರೇ ಬಲ್ಲ. ಚನ್ನರಾಯಪಟ್ಟಣದಲ್ಲಿ ಒಬ್ಬ ಪಂಡಿತರಿಗೆ ತೋರಿಸಿದೆವು. ಅವರು ಕಣ್ಣು ಮುಚ್ಚಿ ನಾಡಿ ಹಿಡಿದು, ಗಂಟಲಿನಲ್ಲಿ ಗಾಡಿಯ ಗಾಲಿ ಉರುಳುವ ಹಾಗಿನ ದನಿಯಲ್ಲಿ, "ಪಿತ್ತ... ಏರಿದೆ... ತಾಯೀ" ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಆ ದನಿಯಲ್ಲೇ ನಾನು ಕಂಡಕ್ಟರನಿಗೆ "ಟಿಕೇಟು... ಕೊಡು... ತಂದೇ" ಎಂದೆ. ಮಗು ಕೇಕೆ ಹಾಕಿ ನಕ್ಕಿತು. ಕಂಡಕ್ಟರ್ ಮಾತ್ರ, "ಗಂಟ್ಲು ಕಟ್ಟದಾ ಸಾ? ಬಿಸ್ನೀರ್ ಕುಡೀರಿ" ಎಂದ.

ಎರಡನೆಯ ಸಲ ನಮ್ಮ ಮನೆಯಲ್ಲೇ ಆಯಿತು. ಅಪ್ಪ ದೇವಸ್ಥಾನದ ಕೆಲಸದವರು. ಶ್ರಾವಣ ಶನಿವಾರ ದೊನ್ನೆಯಲ್ಲಿ ಕಡಲೆಕಾಳು ಉಸಲಿ ಪ್ರಸಾದ ತಂದರು. ಪ್ರಸಾದಕ್ಕೆ ಬೇಡ ಎನ್ನುವವರುಂಟೆ? ಮಗು ನಾಲ್ಕು ಕಾಳು ತಿಂದು ವಾಂತಿ ಮಾಡಿ, ಉಸಿರು ಎಳೆಯತೊಡಗಿತು. ಎದೆಯೊಳಗೆ ಸೀಟಿ ಊದಿದ ಹಾಗೆ. ಈ ಸಲ ಯಾರೂ ಕಂಬಳಿ ಹುಡುಕಲಿಲ್ಲ. ಇಲ್ಲಿನ ಡಾಕ್ಟರು ಔಷಧಿ ಕೊಟ್ಟು ಉಸಿರು ಹಿಡಿತಕ್ಕೆ ತಂದು, ಹಾಸನದಲ್ಲಿ ಮಕ್ಕಳ ಡಾಕ್ಟರೊಬ್ಬರ ಬಳಿಗೆ ಕಳಿಸಿದರು.

ಆ ಡಾಕ್ಟರಮ್ಮ ಮಾತನಾಡುವುದು ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹಾಗೆ. ಅವರು ಮೊದಲು ಕೇಳಿದ್ದು ಏನು ತಿಂತು ಎಂದಲ್ಲ. ಮೈಗೆ ಏನು ಹಚ್ಚುತ್ತೀರಿ ಎಂದು. ಅಮ್ಮ ಹೆಮ್ಮೆಯಿಂದ ಕಡಲೆಹಿಟ್ಟಿನ ಕಥೆಯನ್ನೆಲ್ಲ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ನೋಡೀಮ್ಮ, ಕರುಳು ಅಂದ್ರೆ ಬರೀ ಕೊಳವೆ ಅಲ್ಲ. ಮೈಯ ಕಾವಲಿನಲ್ಲಿ ದೊಡ್ಡ ಪಾಲು ಅದರ ಗೋಡೆಯಲ್ಲೇ ಇರೋದು. ಅದರ ಕೆಲಸ ಬರೀ ಹೊಡೆಯೋದಲ್ಲ, ಸುಮ್ಮನಿರೋದೂ ಕೆಲಸವೇ. ಅನ್ನ, ಬೇಳೆ, ಸೊಪ್ಪು, ಎಲ್ಲ ಹೊರಗಿಂದ ಬರೋವೇ ತಾನೆ? ಎಲ್ಲದರ ಮೇಲೂ ಜಗಳಕ್ಕೆ ಬಿದ್ರೆ ಬದುಕೋದು ಹೆಂಗೆ? ಅದಕ್ಕೆ ಎಳೇ ಕರುಳು, ಬಾಯಿಂದ ಬಂದಿದ್ದನ್ನ ಸ್ವಲ್ಪ ಸ್ವಲ್ಪವಾಗಿ ಗುರುತು ಮಾಡ್ಕೊಂಡು, ಇದು ನಮ್ಮೋರು ಅಂತ ಬಿಡೋದು ಕಲಿಯುತ್ತೆ. ಒಡೆದ ಚರ್ಮಕ್ಕೆ ಆ ತಾಳ್ಮೆ ಇಲ್ಲ. ಗಾಯದಿಂದ ಒಳಗೆ ಬಂದಿದ್ದು ಏನೇ ಆಗ್ಲಿ, ಶತ್ರು ಅನ್ನುತ್ತೆ. ಮೈಗೆಲ್ಲ ಸುದ್ದಿ ಹೋಗುತ್ತೆ. ಆಮೇಲೆ ಅದೇ ಪದಾರ್ಥ ಬಾಯಿಂದ ಬಂದ್ರೂ ಹೊಡೆದಾಟವೇ."

"ಅಂದ್ರೆ ನಾನು..." ಎಂದಳು ಅಮ್ಮ.

"ಇದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ಈ ವಿಚಾರ ಈಗೀಗ ತಿಳೀತಾ ಇದೆ. ಎಷ್ಟೋ ಮಕ್ಕಳಿಗೆ ಕಡಲೆಹಿಟ್ಟು ಹಚ್ಚಿ ಏನೂ ಆಗಿಲ್ಲ. ಇಸುಬು ಇರೋ ಮಗು ಬೇರೆ. ಮೈಗೆ ದಿನಾ ಹಚ್ಚಿ, ಹೊಟ್ಟೆಗೆ ಮಾತ್ರ ಪರಿಚಯವೇ ಮಾಡಿಸ್ದೇ ಇದ್ದದ್ದು ಇವಳಿಗೆ ಉಲ್ಟಾ ಹೊಡೆದಿರಬೇಕು. ಇನ್ನು ಮೇಲೆ ಕಡಲೆ ಇವಳ ಹತ್ತಿರ ಸುಳೀಬಾರದು. ಪ್ರತಿ ಸಲವೂ ಹೋದ ಸಲದಷ್ಟರಲ್ಲೇ ನಿಲ್ಲುತ್ತೆ ಅಂತ ಇಲ್ಲ. ಗಂಟಲು ಮುಚ್ಚಿಕೊಂಡ್ರೆ ಕಷ್ಟ."

ಮನೆಗೆ ಬಂದು ಭಾವನಿಗೆ ಇದನ್ನು ನಾನು ನನ್ನ ರೀತಿಯಲ್ಲಿ ವಿವರಿಸಿದೆ. ಮದುವೆಮನೆಯಲ್ಲಿ ಎಲೆ ಮುಂದೆ ಕೂತವನನ್ನು ನೀನು ಯಾರ ಕಡೆಯವನು ಎಂದು ಯಾರೂ ಕೇಳುವುದಿಲ್ಲ, ಬಡಿಸುತ್ತಾ ಹೋಗುತ್ತಾರೆ. ಅವನೇ ಹಿತ್ತಲಿನ ಗೋಡೆ ಹಾರಿ ಬಂದರೆ ಹಿಡಿದು ಬಡಿಯುತ್ತಾರೆ. ಒಮ್ಮೆ ಬಡಿದ ಮೇಲೆ ಮುಂದಿನ ಮದುವೆಗೆ ಅವನು ಮುಂಬಾಗಿಲಿನಿಂದ, ಉಡುಗೊರೆ ಹಿಡಿದು ಬಂದರೂ ಅದೇ ಗತಿ. ಭಾವ, "ಉದಾಹರಣೆ ಪರವಾಗಿಲ್ಲ. ಹತ್ತಕ್ಕೆ ಆರು" ಎಂದರು. ಅಕ್ಕ ನಗಲಿಲ್ಲ. ಮಗುವಿನ ಕತ್ತಿನ ಮೇಲೆ ಕೈಯಿಟ್ಟುಕೊಂಡು, ಆ ಸಣ್ಣ ಗಂಟಲು ಎಷ್ಟು ಅಗಲವಿರಬಹುದೆಂದು ಅಳೆಯುವವಳ ಹಾಗೆ ಕೂತಿದ್ದಳು.

ಅಮ್ಮ ಆ ದಿನದಿಂದ ಮಗುವಿನ ಮೈಗೆ ಹಿಟ್ಟು ಮುಟ್ಟಿಸಲಿಲ್ಲ. ಹಿಟ್ಟಿನ ಡಬ್ಬ ಅಟ್ಟಕ್ಕೆ ಹೋಯಿತು. ಆದರೆ ಡಾಕ್ಟರಮ್ಮನ ಮಾತಿನಲ್ಲಿ ಅವಳಿಗೆ ಹಿಡಿಸಿದ್ದು ಒಂದೇ ತುಂಡು: ಬಾಯಿಂದ ಸ್ವಲ್ಪ ಸ್ವಲ್ಪವಾಗಿ ಹೋದರೆ ಕರುಳು ತನ್ನದೆಂದು ಒಪ್ಪಿಕೊಳ್ಳುತ್ತದೆ. ಉಳಿದದ್ದು ಅವಳ ಕಿವಿಗೆ ಹೋಯಿತು, ಒಳಗೆ ಇಳಿಯಲಿಲ್ಲ. ತಾನು ಗೋಡೆ ಹಾರಿಸಿದವನನ್ನು ತಾನೇ ಮುಂಬಾಗಿಲಿನಿಂದ ಕರೆತಂದು ಎಲೆ ಮುಂದೆ ಕೂರಿಸಿ ರಾಜಿ ಮಾಡಿಸಿಬಿಟ್ಟರೆ ಆಯಿತು ಎಂದು ಅವಳು ಒಳಗೊಳಗೇ ತೀರ್ಮಾನಿಸಿದ್ದು ನಮಗ್ಯಾರಿಗೂ ತಿಳಿಯಲಿಲ್ಲ.

ಮಗು ಅಂಗನವಾಡಿಗೆ ಹೋಗುವಷ್ಟು ದೊಡ್ಡವಳಾಗಿದ್ದ ಒಂದು ಬೇಸಿಗೆಯಲ್ಲಿ ಅಕ್ಕ ಅವಳನ್ನು ನಮ್ಮಲ್ಲಿ ಬಿಟ್ಟಿದ್ದಳು. ಅಕ್ಕನಿಗೆ ಆಗ ಮತ್ತೆ ತಿಂಗಳು ನಿಂತಿತ್ತು, ಏನು ತಿಂದರೂ ವಾಂತಿ. ನಾನು ಹಾಸನದಲ್ಲಿ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತ ಅಲ್ಲೇ ರೂಮು ಮಾಡಿಕೊಂಡಿದ್ದೆ, ಭಾನುವಾರ ಮನೆಗೆ ಬಂದಿದ್ದೆ. ಅಕ್ಕನ ಮಗಳು, ನನ್ನ ಸೊಸೆಮುದ್ದು, ಅಷ್ಟರಲ್ಲಿ ನನ್ನ ಶಿಷ್ಯೆಯಾಗಿದ್ದಳು. ತನ್ನಪ್ಪ ಉಪ್ಪು ಕೇಳುವುದನ್ನು ನನಗಿಂತ ಚೆನ್ನಾಗಿ ಮಾಡುತ್ತಿದ್ದಳು.

ಮಧ್ಯಾಹ್ನ ಊಟಕ್ಕೆ ಮುಂಚೆ ದೇವರ ಮನೆಯಿಂದ ಬಂದು ನನ್ನ ಎದುರು ನಿಂತು, "ಮಾವ, ಗಂಟಲಲ್ಲಿ ಇರುವೆ ಓಡ್ತಿದೆ" ಎಂದಳು. ದನಿ ಗೊಗ್ಗರಾಗಿತ್ತು. ಚನ್ನರಾಯಪಟ್ಟಣದ ಪಂಡಿತರ ದನಿ ಮಾಡುತ್ತಿದ್ದಾಳೆ ಎಂದುಕೊಂಡು, "ಪಿತ್ತ... ಏರಿದೆ... ತಾಯೀ" ಎಂದೆ. ಅವಳು ನಗಲಿಲ್ಲ. ಮತ್ತೆ ಮಾತಾಡಲು ಬಾಯಿ ತೆರೆದಳು, ಮಾತು ಬರಲಿಲ್ಲ. ತುಟಿ ನೋಡಿದೆ, ಊದಿತ್ತು.

"ಅಮ್ಮಾ! ಏನು ಕೊಟ್ಟೆ ಇವಳಿಗೆ?"

ಅಮ್ಮ ದೇವರ ಮನೆಯ ಹೊಸ್ತಿಲಲ್ಲಿ ನಿಂತಿದ್ದಳು. "ಚೂರು ಕಣೋ. ಹುರಿಗಡಲೆ ಪುಡಿ, ಬೆಲ್ಲದಲ್ಲಿ, ಅಕ್ಕಿಕಾಳಷ್ಟು. ಒಗ್ಗಿಸಬೇಕು ತಾನೆ? ದೇವರ ಮುಂದೆ ಇಟ್ಟು ಕೊಟ್ಟೆ..."

ಮಗುವನ್ನು ಎತ್ತಿಕೊಂಡು ಬೀದಿಗೆ ಓಡಿದೆ. ಮೂಲೆಯಲ್ಲಿ ನಿಲ್ಲುತ್ತಿದ್ದ ಆಟೋದವನಿಗೆ ನಾನು ಚೆನ್ನಾಗಿ ಪರಿಚಯ. ಅವನ ಹಾರನ್ನಿನ ದನಿ ಮಾಡಿ ಅವನನ್ನೇ ಎಷ್ಟೋ ಸಲ ಬೆಚ್ಚಿಬೀಳಿಸಿದ್ದೆ.

"ಏನಾಯ್ತು ಸಾ ಮಗೀಗೆ? ಆವ್ ಕಚ್ತಾ?"

"ಹಾವಲ್ಲ ಕಣಪ್ಪ, ಕಡಲೆ. ಕಡಲೆ ತಿಂದ್ಬಿಟ್ಳು. ಬೇಗ ಆಸ್ಪತ್ರೆಗೆ ನಡಿ."

ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. "ಇಂತಾ ಒತ್ತಲ್ಲೂ ತಮಾಸೆನಾ ಸಾ?" ಎಂದವನು ಮಗುವಿನ ಮುಖ ಕಂಡು ಮಾತು ನಿಲ್ಲಿಸಿದ. "ಅಯ್ಯೋ ಸಿವನೆ. ಗಟ್ಟಿಯಾಗ್ ಇಡ್ಕಳಿ ಸಾ" ಎಂದು ಆಟೋವನ್ನು ಸಂತೆಯ ನಡುವೆಯೇ ನುಗ್ಗಿಸಿದ. ಪಕ್ಕದಲ್ಲಿ ಅಮ್ಮ, ಚಪ್ಪಲಿಯಿಲ್ಲದೆ, ಮಗುವಿನ ಪಾದ ಹಿಡಿದುಕೊಂಡು, "ಉಸಿರು ಬಿಡು ಕಂದ, ಬಿಡು ಕಂದ" ಎನ್ನುತ್ತಲೇ ಇದ್ದಳು. ಮಗುವಿನ ಎದೆಗೂಡು ಒಳಗೆ ಸೇದಿಕೊಳ್ಳುತ್ತಿತ್ತು. ನನಗೆ ಬರುವ ದನಿಗಳೆಲ್ಲ ಅವಳಿಗೆ ಇಷ್ಟ. ಏನಾದರೂ ಮಾಡಿ ಅವಳನ್ನು ಎಚ್ಚರವಾಗಿ ಇಡೋಣವೆಂದರೆ ಒಂದೂ ಬಾಯಿಗೆ ಬರಲಿಲ್ಲ.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಹಿಂದಿನ ಸಲ ನೋಡಿದವರೇ. ಒಂದು ಮಾತೂ ಕೇಳದೆ ತೊಡೆಗೆ ಇಂಜೆಕ್ಷನ್ ಚುಚ್ಚಿದರು, ಆಕ್ಸಿಜನ್ ಹಿಡಿದರು. ನಾವು ಗೋಡೆಗೆ ಅಂಟಿಕೊಂಡು ನಿಂತೆವು. ನಿಧಾನವಾಗಿ, ಕಟ್ಟಿದ ಚರಂಡಿಯಲ್ಲಿ ನೀರು ದಾರಿ ಮಾಡಿಕೊಳ್ಳುವ ಹಾಗೆ, ಉಸಿರು ಹರಿಯಿತು. ಮಗು ಅತ್ತಿತು. ನಾನು ಅಷ್ಟು ವರ್ಷದಲ್ಲಿ ಕಲಿತ ಯಾವ ಅಳುವೂ ಅದಾಗಿರಲಿಲ್ಲ.

ಅಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, "ಬಾಯಿಂದ ಕೊಟ್ರೆ ಒಗ್ಗುತ್ತೆ ಅಂದಿದ್ರಲ್ಲೋ" ಎಂದಳು. ಯಾರನ್ನು ಕೇಳಿದಳೋ ಗೊತ್ತಿಲ್ಲ. ಮುಂದಿನ ವಾರ ಹಾಸನದ ಡಾಕ್ಟರಮ್ಮ ಉತ್ತರ ಕೊಟ್ಟರು. ಅವರ ಸೈಕಲ್ಲಿಗೆ ಅವತ್ತು ಬ್ರೇಕು ಬಿದ್ದಿತ್ತು. "ಅದು ಜಗಳ ಶುರುವಾಗೋಕ್ಕೆ ಮುಂಚಿನ ಮಾತಮ್ಮ. ಈಗ ಇವಳ ಮೈ ಶತ್ರು ಅಂತ ಗಟ್ಟಿ ಮಾಡ್ಕೊಂಡಿದೆ. ಇದನ್ನ ಬಿಡಿಸೋಕೆ ದೊಡ್ಡ ಆಸ್ಪತ್ರೆಗಳಲ್ಲಿ ಪ್ರಯತ್ನ ನಡೀತಿದೆ ಅಂತ ಕೇಳಿದೀನಿ. ಅಲ್ಲೂ ಪಕ್ಕದಲ್ಲೇ ಇಂಜೆಕ್ಷನ್ ಇಟ್ಕೊಂಡು ಮಾಡ್ತಾರೆ. ದೇವರ ಮನೇಲಿ ಬೆಲ್ಲ ಹಾಕಿ ಅಲ್ಲ." ಅಮ್ಮ ತಲೆಯಾಡಿಸಿದಳು. ಮನೆಗೆ ಬಂದವಳೇ ಕಡಲೆಬೇಳೆ, ಹುರಿಗಡಲೆ, ಹಿಟ್ಟು, ಅಟ್ಟದ ಡಬ್ಬವನ್ನೂ ಸೇರಿಸಿ ಎಲ್ಲವನ್ನೂ ಹೊರಗೆ ಹಾಕಿದಳು. ಪಾತ್ರೆ, ಒರಳು, ಡಬ್ಬದ ಬಿರಡೆ ಎಲ್ಲ ತೊಳೆದಳು. ನಮ್ಮ ಮನೆಯ ಹಬ್ಬದ ಎಲೆಯಿಂದ ಆಂಬೊಡೆ ಹೋಯಿತು. ಅಪ್ಪ ಉಸಲಿ ಪ್ರಸಾದವನ್ನು ದೇವಸ್ಥಾನದ ಜಗಲಿಯಲ್ಲೇ ತಿಂದು, ಬಾಯಿ ಮುಕ್ಕಳಿಸಿ, ಕೈ ಮೂಸಿ ನೋಡಿಕೊಂಡು ಮನೆಗೆ ಬರುತ್ತಿದ್ದರು. ನಾನು ಆ ಮೂಸುವುದನ್ನು ಒಂದು ಸಲ ಮಾಡಿ ತೋರಿಸಿದೆ. ಅಪ್ಪನೇ ನಕ್ಕರು, ಪಾಪ. ಅಮ್ಮ ಎದ್ದು ಹೋದಳು.

ಅಕ್ಕನಿಗೆ ಗಂಡು ಮಗುವಾಯಿತು. ತಿಂಗಳು ತುಂಬುವುದರೊಳಗೆ ಇವನ ಕೆನ್ನೆಯೂ ಕೆಂಪಗೆ ಒರಟಾಯಿತು. ಅಮ್ಮ ಬಚ್ಚಲಿಗೆ ಹೋಗಲೇ ಇಲ್ಲ. "ಬೇರೆ ಯಾರನ್ನಾದ್ರೂ ಕರೆಸು. ನನ್ನ ಕೈಗೆ ಕೊಡಬೇಡ" ಎಂದಳು. ಅಕ್ಕ ತಾನೇ ಮಣೆ ಹಾಕಿ, ಅಮ್ಮನ ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿ, ಕೂಸನ್ನು ಅವಳ ಕಾಲ ಮೇಲೆ ಮಲಗಿಸಿದಳು. "ಡಾಕ್ಟ್ರು ಹೇಳಿದ್ದು ಬರೀ ಉಗುರುಬೆಚ್ಚಗಿನ ನೀರು, ಆಮೇಲೆ ಮುಲಾಮು. ಹಿಟ್ಟು ಬೇಡ ಅಂದ್ರೇ ಹೊರತು ಅಜ್ಜಿ ಬೇಡ ಅನ್ಲಿಲ್ಲ." ಅಮ್ಮ ಒಂದೊಂದೇ ಚೊಂಬು ನೀರು ಹೊಯ್ದಳು. ಕೆಟ್ಟ ಕಣ್ಣಿನವರನ್ನು ಯಾರನ್ನೂ ಬೈಯಲಿಲ್ಲ.

ಕೂಸಿಗೆ ಅನ್ನ ಮುಟ್ಟಿಸುವ ಕಾಲ ಬಂದಾಗ ಡಾಕ್ಟರಮ್ಮ ಹೊಸ ಮಾತು ತೆಗೆದರು. ಇವನ ಚರ್ಮ ಕಡಲೆಯನ್ನು ಶತ್ರು ಎನ್ನುವ ಮೊದಲೇ ಕರುಳಿಗೆ ಪರಿಚಯ ಮಾಡಿಸೋಣ, ಆದರೆ ತಮ್ಮ ಕ್ಲಿನಿಕ್ಕಿನಲ್ಲಿ, ತಮ್ಮ ಕಣ್ಣೆದುರಿಗೆ. ಭಾವ ಅರಕಲಗೂಡಿನಲ್ಲಿ ಪಕ್ಕದ ಮನೆಯವರ ಒಲೆಯಲ್ಲಿ ಕಡಲೆಬೇಳೆ ಬೇಯಿಸಿ, ನುಣ್ಣಗೆ ಅರೆಸಿ, ಡಬ್ಬಿಗೆ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದರು, ಬಾಂಬು ತರುವವರ ಹಾಗೆ. ಅಮ್ಮ ಮತ್ತು ಸೊಸೆಮುದ್ದು ಹೊರಗೆ, ಗೇಟಿನ ಪಕ್ಕದ ಬೆಂಚಿನಲ್ಲಿ. ಒಳಗೆ ಅಕ್ಕ ಬೆರಳ ತುದಿಯಷ್ಟು ಕೂಸಿನ ನಾಲಿಗೆಗೆ ಇಟ್ಟಳು. ಕಾದೆವು. ಇನ್ನಷ್ಟು ಇಟ್ಟಳು. ಕಾದೆವು. ಎಲ್ಲರ ಕಣ್ಣೂ ಅದರ ತುಟಿಯ ಮೇಲೆ. ಕೂಸು ತುಟಿ ಚಪ್ಪರಿಸಿ, ಚಮಚವನ್ನೇ ಹಿಡಿದು ಎಳೆಯಿತು. ಮಧ್ಯಾಹ್ನದವರೆಗೂ ಏನೂ ಆಗಲಿಲ್ಲ. ಅಕ್ಕ ಮೊದಲು ನಕ್ಕಳು, ಆಮೇಲೆ ಅತ್ತಳು.

ಆಗ ಡಾಕ್ಟರಮ್ಮ, "ಒಂದು ದಿನಕ್ಕೆ ಮುಗೀಲಿಲ್ಲ. ವಾರವಾರವೂ ಕೊಡ್ತಾ ಇರಬೇಕು. ಮಧ್ಯೆ ಬಿಟ್ಬಿಟ್ರೆ ಕರುಳು ಮರೆತುಬಿಡಬಹುದು" ಎಂದರು.

ಅಕ್ಕ ಭಾವನ ಮುಖ ನೋಡಿದಳು. ಕೂಸಿಗೆ ಕಡಲೆ ತಪ್ಪಬಾರದು, ಅದರ ಅಕ್ಕನಿಗೆ ಕಡಲೆ ಸೋಕಬಾರದು. ಒಂದೇ ಮನೆ, ಒಂದೇ ಅಡುಗೆಮನೆ. ತಮ್ಮನ ಕೆನ್ನೆಗೆ ದಿನಕ್ಕೆ ಇಪ್ಪತ್ತು ಮುತ್ತು ಕೊಡುವ ಹುಡುಗಿ ಬೇರೆ.

"ನಿಮ್ಮಮ್ಮನ ಮನೇಲಿ ಕೊಡೋಣ್ವಾ?" ಎಂದರು ಭಾವ ಮೆಲ್ಲಗೆ.

ಹೊರಗೆ ಬಂದು ಅಮ್ಮನಿಗೆ ಹೇಳಿದೆವು. ಅವಳು ಯೋಚಿಸಲೂ ಇಲ್ಲ. "ನನ್ನ ಹೊಸ್ತಿಲ ಒಳಗೆ ಒಂದು ಕಾಳೂ ಬರಕೂಡದು. ಇವಳು ಹೆದರದೆ ಕೈಯಾಡಿಸೋಕೆ ಒಂದು ಮನೆಯಾದ್ರೂ ಬೇಡ್ವೇನೋ?" ಎಂದು ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡಳು.

ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ಹಾಸನದ ನನ್ನ ರೂಮು. ವಾರಕ್ಕೊಮ್ಮೆ ಅಕ್ಕ ಕೂಸನ್ನು ಬಸ್ಸಿನಲ್ಲಿ ಕರೆತಂದು, ಅಲ್ಲಿ ತಿನ್ನಿಸಿ, ಕೈ ಬಾಯಿ ತೊಳೆಸಿ, ಬಟ್ಟೆ ಬದಲಿಸಿ ವಾಪಸು ಒಯ್ಯುವುದು. ಡಬ್ಬಿ, ಚಮಚ, ಬೇಳೆ ಎಲ್ಲ ನನ್ನ ಹತ್ತಿರವೇ. "ಆಗ್ಲಿ, ಇನ್ಮೇಲೆ ನಂದು ಕಡಲೆ ಡಿಪೋ" ಎಂದೆ, ಸಂತೆಯಲ್ಲಿ ಕೂಗುವವನ ದನಿಯಲ್ಲಿ. ಅಕ್ಕನಿಗೂ ನಗು ಬಂತು.

ಸೊಸೆಮುದ್ದು ಅಜ್ಜಿಯ ಮಡಿಲಿನಿಂದ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ, "ಹಂಗಾದ್ರೆ ಮಾವನ ರೂಮಿಗೆ ನಾನು ಬರಂಗಿಲ್ವಾ?" ಎಂದಳು.

ಯಾವ ದನಿಯಲ್ಲಿ ಹೇಳಿದರೂ ಅದರ ಉತ್ತರ ಒಂದೇ ಆಗಿತ್ತು. ನನ್ನದರಲ್ಲೇ ಹೇಳಿದೆ. "ಇಲ್ಲ ಪುಟ್ಟಿ. ನಾನೇ ಬರ್ತೀನಿ. ಸ್ನಾನ ಮಾಡಿ, ಬೇರೆ ಬಟ್ಟೆ ಹಾಕ್ಕೊಂಡು."

ಅವಳು ಎದ್ದು ಬಂದು ನನ್ನ ಅಂಗಿಯ ತೋಳು ಹಿಡಿದವಳು, ಏನೋ ನೆನಪಾಗಿ ಕೈ ಬಿಟ್ಟಳು. "ಈಗ ಒಳಗೆ ಕಡ್ಲೆ ಇತ್ತಲ್ವಾ ಮಾವ? ನೀನು ಮುಟ್ಟಿದ್ಯಾ?" ಮುಟ್ಟಿರಲಿಲ್ಲ. ಆದರೂ ನಲ್ಲಿಯ ಹತ್ತಿರ ಹೋಗಿ, ಅವಳು ಸಾಕು ಎನ್ನುವವರೆಗೆ ಕೈ ತೊಳೆದೆ.